ಗೃಹಕೃತ್ಯ: ದಪ್ಪ ಬಟ್ಟೆಯೂ ಹೊಲಿಗೆ ಯಂತ್ರದ ಪಾದವೂ

ಕಳೆದ ಮೇ ತಿಂಗಳ ಕೊನೆಯ ವಾರ. ಶಾಲೆಗಳು ತೆರೆಯುವುದಕ್ಕೆ ನಾಲ್ಕೈದು ದಿನಗಳು ಮಾತ್ರ ಉಳಿದಿದ್ದುವು. ಜೆಪ್ಪಿನಲ್ಲಿ ನಮ್ಮ ಓಣಿಯಲ್ಲಿಯೇ ವಾಸವಾಗಿರುವ ತಂಗಿಯೊಬ್ಬಳು ಬಲಗಣ್ಣಿನ ಹುಬ್ಬಿನ ಮೇಲೆ ಹತ್ತಿಯ ಪಟ್ಟಿಯನ್ನು ಅಂಟಿಸಿಕೊಂಡು ನಮ್ಮ ಜಗಲಿಗೆ ಬಂದಳು. ಆಕೆಯ ಗಂಡ ತೀರಿಕೊಂಡು ಮೂರು ವರ್ಷಗಳಾದುವು. ಮನೆಯ ಬಾಡಿಗೆ, ಇಬ್ಬರು ಮಕ್ಕಳ ವಿದ್ಯಾಭ್ಯಾಸ, ಎಲ್ಲವೂ ತುಳಿದು ನಡೆಸುವ ಒಂದು ಹಳೆಯ ಕರಿಯ ಹೊಲಿಗೆ ಯಂತ್ರದ ಮೇಲೆ ನಿಂತಿವೆ. ರವಿಕೆ, ಲಂಗ, ತಲೆದಿಂಬಿನ ಚೀಲ ಮೊದಲಾದುವುಗಳಲ್ಲಿ ಆಕೆಯ ಕೈ ಬಲು ಶುದ್ಧ. ಆದರೆ ಆ ತಿಂಗಳು ಅಂಗಡಿಯವರೊಬ್ಬರು ಕ್ಯಾನ್ವಾಸಿನ 40 ಶಾಲಾಚೀಲಗಳನ್ನೂ ಅವುಗಳ ಸಂಗಡ ಜೀನ್ಸ್ ಷರಾಯಿಗಳ ಅಂಚು ಮಡಿಸುವ ಕೆಲಸವನ್ನೂ ಆಕೆಗೆ ಒಪ್ಪಿಸಿದ್ದರು.

"ಅಕ್ಕಾ, ಒಂದೇ ವಾರದಲ್ಲಿ ಹನ್ನೊಂದು ಸೂಜಿ ಮುರಿಯಿತು. ಇವತ್ತಿನ ತುಂಡು ಹಾರಿ ಇಲ್ಲಿಗೆ ತಾಗಿತು. ಈ ಮಿಶನಿನಿಂದ ಇದು ಆಗಲಿಕ್ಕಿಲ್ಲವಂತೆ. ಇದನ್ನು ಕೊಟ್ಟು, ಮೇಲಿಂದ ಸಾಲ ಮಾಡಿ ಮೋಟಾರಿನ ದೊಡ್ಡ ಮಿಶನು ತೆಗೆದುಕೊಳ್ಳಬೇಕಂತೆ. ನೀವೇನು ಹೇಳುತ್ತೀರಿ?" ಎಂದು ಕೇಳಿದಳು.

ಅರ್ಧ ಅಂಗುಲ ಕೆಳಗೆ ತಾಗುತ್ತಿದ್ದರೆ ಮಾತು ಬೇರೆಯೇ ಆಗುತ್ತಿತ್ತು. ನಾನು ಏನನ್ನೂ ಹೇಳದೆ ಆಕೆಯ ಸಂಗಡವೇ ಹೊರಟು ಹೋಗಿ ಯಂತ್ರವನ್ನು ನೋಡಿದೆನು. ಯಂತ್ರದಲ್ಲಿ ದೋಷವಿರಲಿಲ್ಲ. ಈ ತಿಂಗಳು ಅದನ್ನೇ ವಾಚಕರ ಮುಂದೆ ಇಡುತ್ತೇನೆ. ಏಕೆಂದರೆ ದಪ್ಪ ಬಟ್ಟೆಗೆ ಹೆದರಿ ಯಂತ್ರವನ್ನು ದೂರುವವರು ನಮ್ಮ ಮನೆಗಳಲ್ಲಿ ಬಹಳ ಮಂದಿ ಇದ್ದಾರೆ.

ಹೊಲಿಯುವಾಗ ಬಟ್ಟೆಯನ್ನು ಮುಂದಕ್ಕೆ ಸಾಗಿಸತಕ್ಕದ್ದು ಯಾವುದು? ಸೂಜಿಯಲ್ಲ, ನಮ್ಮ ಕೈಯಂತೂ ಅಲ್ಲವೇ ಅಲ್ಲ. ಸೂಜಿಯ ಕೆಳಗಿನ ತಟ್ಟೆಯ ಸೀಳುಗಳಲ್ಲಿ ಗರಗಸದಂತಹ ಹಲ್ಲುಗಳಿವೆ. ದರ್ಜಿಗಳು ಇದನ್ನು ಫೀಡ್ ಡಾಗ್ ಎನ್ನುತ್ತಾರೆ. ಅದು ಮೇಲೇಳುತ್ತದೆ, ಬಟ್ಟೆಯನ್ನು ಕಚ್ಚಿ ಹಿಂದಕ್ಕೆ ಸರಿಸುತ್ತದೆ, ಕೆಳಗಿಳಿಯುತ್ತದೆ, ಬರಿಗೈಯಲ್ಲಿ ಮೊದಲಿನ ಸ್ಥಳಕ್ಕೆ ಮರಳುತ್ತದೆ. ಈ ನಾಲ್ಕು ಚಲನೆಗಳ ಏರ್ಪಾಡಿಗೆ ಅಮೆರಿಕದ ಅಲೆನ್ ವಿಲ್ಸನ್ ಎಂಬಾತನು 1854ರಲ್ಲಿ ಹಕ್ಕುಪತ್ರ ಪಡೆದನು. ಆದರೆ ಮೇಲಿನಿಂದ ಒತ್ತಿ ಹಿಡಿಯುವವರಿಲ್ಲದಿದ್ದರೆ ಹಲ್ಲುಗಳು ಯಾವುದನ್ನು ಕಚ್ಚಿಯಾವು? ಆ ಒತ್ತುವ ಕೆಲಸವೇ ಪಾದದ್ದು, ಎಂದರೆ ಪ್ರೆಸರ್ ಫೂಟಿನದು. 1851ರಲ್ಲಿ ಸಿಂಗರನು ಹಕ್ಕುಪತ್ರ ಪಡೆದ ಯಂತ್ರದಲ್ಲಿಯೂ ಇಂತಹ ಪಾದವಿತ್ತು. ಯಂತ್ರಗಳನ್ನು ಅಷ್ಟಾಗಿ ಮೆಚ್ಚದ ಗಾಂಧೀಜಿಯವರು ಕೂಡ 1924ರಲ್ಲಿ ಸಿಂಗರನ ಹೊಲಿಗೆ ಯಂತ್ರವನ್ನು ತಮ್ಮ ಆಕ್ಷೇಪದಿಂದ ಹೊರಗಿಟ್ಟರು. ಪಾದವು ಎಷ್ಟು ಸಮತಟ್ಟಾಗಿ ಕುಳಿತಿರುವುದೋ ಅಷ್ಟು ಸಮನಾಗಿ ಹೊಲಿಗೆ ಬೀಳುವುದು. ದಪ್ಪ ಬಟ್ಟೆಯ ಸಕಲ ಕಷ್ಟಗಳೂ ಪಾದವು ಓರೆಯಾಗುವುದರಿಂದಲೇ ಮೊದಲಾಗುತ್ತವೆಂದು ತಿಳಿದರೆ ಅರ್ಧ ವಿದ್ಯೆ ಬಂದಂತೆ.

ಜೀನ್ಸಿನ ಷರಾಯಿಯೊಂದನ್ನು ತೆಗೆದುಕೊಂಡು ಅದರ ಅಂಚನ್ನು ಎಣಿಸಿ ನೋಡಿರಿ. ಅಂಚನ್ನು ಎರಡು ಸಲ ಮಡಿಸಿದರೆ ಬಟ್ಟೆ 3 ಪದರವಾಗುತ್ತದೆ. ಇದು ಯಾವ ಯಂತ್ರಕ್ಕೂ ಭಾರವಲ್ಲ. ಆದರೆ ಕಾಲಿನ ಬದಿಯಲ್ಲಿ ಒಂದರೊಳಗೊಂದು ಮಡಿಸಿ ಹೊಲಿದ ಜೋಡಣೆ ಇರುತ್ತದಷ್ಟೆ. ಅಲ್ಲಿ ಬಟ್ಟೆ ಮೊದಲೇ 4 ಪದರ. ಅದನ್ನು ಎರಡು ಸಲ ಮಡಿಸಿದಾಗ ಒಮ್ಮೆಗೇ 12 ಪದರವಾಯಿತು. ಮೂರರಿಂದ ಹನ್ನೆರಡಕ್ಕೆ, ಅದೂ ಅರ್ಧ ಅಂಗುಲದ ಅಂತರದಲ್ಲಿ! ಪಾದದ ಮುಂಭಾಗ ಈ ದಿಬ್ಬವನ್ನು ಹತ್ತುತ್ತದೆ, ಹಿಂಭಾಗ ಕೆಳಗೇ ಉಳಿಯುತ್ತದೆ. ಗುಡ್ಡ ಹತ್ತುವ ಎತ್ತಿನ ಗಾಡಿಯ ಮೂಕಿ ಮೇಲಕ್ಕೆ ಎದ್ದಂತೆ ಪಾದದ ಮೂತಿ ಮೇಲಕ್ಕೇಳುತ್ತದೆ. ಆಗ ಹಲ್ಲುಗಳಿಗೆ ಬಟ್ಟೆಯ ಹಿಡಿತ ತಪ್ಪುತ್ತದೆ. ಹೊಲಿಗೆ ನಿಂತಲ್ಲಿಯೇ ನಿಂತು ಗಂಟಾಗುತ್ತದೆ. ಹೊಲಿಯುವವಳು ಬೇಸತ್ತು ಬಟ್ಟೆಯನ್ನು ಹಿಂದಿನಿಂದ ಎಳೆಯುತ್ತಾಳೆ. ಬಟ್ಟೆಯೊಳಗಿದ್ದ ಸೂಜಿ ಬಾಗಿ ತಟ್ಟೆಯ ಉಕ್ಕಿಗೆ ಬಡಿಯುತ್ತದೆ. ಹನ್ನೊಂದು ಸೂಜಿಗಳು ಮುರಿದದ್ದು ಹೀಗೆ. ನಮ್ಮ ತಂಗಿ ಎಡಗೈಯಿಂದ ಎಳೆಯುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆನು. "ಎಳೆಯದಿದ್ದರೆ ಹೋಗುವುದೇ ಇಲ್ಲವಲ್ಲ ಅಕ್ಕಾ" ಎಂದಳು. ಆಕೆ ಹೇಳಿದ್ದೂ ಸುಳ್ಳಲ್ಲ.

ಪರಿಹಾರಕ್ಕೆ ಕಾಸು ಬೇಕಿಲ್ಲ. ದಪ್ಪ ರಟ್ಟಿನ ತುಂಡನ್ನಾಗಲಿ ಅದೇ ಬಟ್ಟೆಯ ಚೂರನ್ನಾಗಲಿ ಜೋಡಣೆಯ ದಿಬ್ಬದಷ್ಟೇ ಎತ್ತರ ಬರುವಂತೆ ಮಡಿಸಿಕೊಳ್ಳಬೇಕು. ಪಾದದ ಮೂತಿ ದಿಬ್ಬಕ್ಕೆ ತಾಗಿತೆನ್ನುವಾಗ ಯಂತ್ರವನ್ನು ನಿಲ್ಲಿಸಿ, ಸೂಜಿಯನ್ನು ಬಟ್ಟೆಯೊಳಗೇ ಇಳಿಸಿ, ಪಾದವನ್ನು ಎತ್ತಿ, ಆ ಮಡಿಕೆಯನ್ನು ಪಾದದ ಹಿಂಭಾಗದ ಕೆಳಗೆ ಸೂಜಿಯ ತನಕ ದೂಡಬೇಕು. ತರುವಾಯ ಪಾದವನ್ನು ಇಳಿಸಿದರೆ ಅದು ಮುಂದೆಯೂ ಹಿಂದೆಯೂ ಒಂದೇ ಎತ್ತರದಲ್ಲಿ ಕುಳಿತುಕೊಳ್ಳುತ್ತದೆ. ಹಲ್ಲುಗಳು ಹಿಂದಿನಂತೆಯೇ ಕಚ್ಚುತ್ತವೆ. ದಿಬ್ಬವನ್ನು ದಾಟಿ ಇಳಿಯುವಾಗ ಇದೇ ಕ್ರಮ ತಿರುವುಮುರುವಾಗುತ್ತದೆ: ಈಗ ಹಿಂಭಾಗ ಎತ್ತರದಲ್ಲಿದೆ, ಮೂತಿ ಕೆಳಗೆ ಬೀಳುತ್ತದೆ, ಆದಕಾರಣ ಮಡಿಕೆಯನ್ನು ಮೂತಿಯ ಕೆಳಗೆ ಇಡಬೇಕು. ಏರುವಾಗ ಜಾಗರೂಕತೆ ವಹಿಸಿ ಇಳಿಯುವಾಗ ಮರೆಯುವವರೇ ಹೆಚ್ಚು. ಇದೇ ಕೆಲಸಕ್ಕೆಂದು ಪ್ಲಾಸ್ಟಿಕ್ಕಿನ ಸಣ್ಣ ಪಟ್ಟಿಗಳು ಅಂಗಡಿಗಳಲ್ಲಿ ಸಿಗುತ್ತವೆ. ಕೊಂಡರೆ ತಪ್ಪಿಲ್ಲ, ಮನೆಗೆ ಬಂದ ಮದುವೆಯ ಕಾಗದವನ್ನು ನಾಲ್ಕು ಮಡಿಕೆ ಮಾಡಿದರೂ ಕೆಲಸ ನಡೆಯುತ್ತದೆ.

ಅಂಕುಡೊಂಕು ಹೊಲಿಯುವ ಹೊಸ ಯಂತ್ರಗಳಲ್ಲಿ ಕೆಲವಕ್ಕೆ ಬರುವ ಪಾದದಲ್ಲಿ ಒಂದು ಕರಿಯ ಗುಂಡಿ ಇರುತ್ತದೆ. ಅದನ್ನು ಏಕೆ ಇಟ್ಟಿದ್ದಾರೆಂದು ಕೇಳಿದರೆ ಯಂತ್ರದ ಯಜಮಾನಿತಿಯರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ತಿಳಿಯದು ಎನ್ನುತ್ತಾರೆ. ಪಾದವನ್ನು ಸಮತಟ್ಟಾಗಿ ಹಿಡಿದು ಆ ಗುಂಡಿಯನ್ನು ಒತ್ತಿಕೊಂಡೇ ಕೆಳಗಿಳಿಸಿದರೆ ಪಾದವು ಓರೆಯಾಗದೆ ಬಿಗಿದು ನಿಲ್ಲುತ್ತದೆ. ದಪ್ಪ ಅಂಚಿನ ತುದಿಯಿಂದ ಹೊಲಿಗೆ ಆರಂಭಿಸುವುದಕ್ಕೆ ಇದು ಬಹಳ ಅನುಕೂಲ. ಪಾದ ಪೂರ್ತಿಯಾಗಿ ಬಟ್ಟೆಯ ಮೇಲೆ ಬಂದೊಡನೆ ಆ ಬಿಗಿತ ತಾನಾಗಿಯೇ ಬಿಡುತ್ತದೆ.

ದಿಬ್ಬವನ್ನೇ ತಗ್ಗಿಸುವ ಉಪಾಯವೂ ಒಂದುಂಟು. ಒಳಗಿನ ಪದರಗಳ ಅಂಚುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ, ಜೋಡಣೆಯನ್ನು ಮರದ ಮಣೆಯ ಮೇಲಿಟ್ಟು ಸುತ್ತಿಗೆಯಿಂದ ನಾಲ್ಕು ಪೆಟ್ಟು ಹಾಕಿದರೆ ನಾರುಗಳು ಚಪ್ಪಟೆಯಾಗಿ ಸೂಜಿಗೆ ದಾರಿ ಬಿಡುತ್ತವೆ. ಜೀನ್ಸ್ ಹೊಲಿಯುವ ದರ್ಜಿಗಳ ಮೇಜಿನ ಕೆಳಗೆ ಸುತ್ತಿಗೆ ಇರುವುದು ಇದಕ್ಕಾಗಿಯೇ. ದಿಬ್ಬದ ಮೇಲೆ ಮೇಣದ ಬತ್ತಿಯನ್ನು ಒಮ್ಮೆ ತೀಡುವುದೂ ಒಳ್ಳೆಯದು.

ಇನ್ನು ಸೂಜಿಯ ಮಾತು. ಆಕೆಯ ಯಂತ್ರದಲ್ಲಿದ್ದುದು 14ನೆಯ ನಂಬರಿನ ಸೂಜಿ. ರವಿಕೆಗೆ ಹಾಕಿದ್ದನ್ನೇ ಕ್ಯಾನ್ವಾಸಿಗೂ ಬಿಟ್ಟಿದ್ದಳು. ಸೂಜಿಯ ಪೊಟ್ಟಣದ ಮೇಲೆ 90/14, 100/16, 110/18 ಎಂದು ಎರಡೆರಡು ಅಂಕೆಗಳಿರುತ್ತವೆ. ಮೊದಲಿನದು ಸೂಜಿಯ ದಪ್ಪ, ಮಿಲಿಮೀಟರಿನ ನೂರರಲ್ಲೊಂದು ಪಾಲಿನ ಲೆಕ್ಕದಲ್ಲಿ. ಎಂದರೆ 90 ಎಂಬುದು 0.9 ಮಿಲಿಮೀಟರು, 110 ಎಂಬುದು 1.1 ಮಿಲಿಮೀಟರು. ಜೀನ್ಸಿಗೆ 16, ಕ್ಯಾನ್ವಾಸಿಗೆ 18 ಸಾಕು. ಅದಕ್ಕೂ ದಪ್ಪ ಸೂಜಿಯನ್ನು ಹಾಕುವುದಾದರೆ ಅದು ತಟ್ಟೆಯ ರಂಧ್ರಕ್ಕೆ ತಾಗದೆ ಇಳಿಯುತ್ತದೆಯೇ ಎಂದು ಕೈಚಕ್ರವನ್ನು ನಿಧಾನವಾಗಿ ತಿರುಗಿಸಿ ನೋಡತಕ್ಕದ್ದು. ನೂಲು ಸೂಜಿಗೆ ತಕ್ಕುದೇ ಎಂಬುದನ್ನು ತಿಳಿಯುವುದು ಸುಲಭ: ಬಿಡಿ ಸೂಜಿಗೆ ನೂಲು ಪೋಣಿಸಿ, ನೂಲನ್ನು ಎರಡು ಕೈಗಳಲ್ಲಿ ಓರೆಯಾಗಿ ಬಿಗಿಹಿಡಿಯಿರಿ. ಸೂಜಿ ತಾನಾಗಿ ಜಾರಿ ಕೆಳಗಿಳಿದರೆ ಸರಿ. ನಡುವೆ ಸಿಕ್ಕಿಕೊಂಡರೆ ನೂಲು ಆ ಕಣ್ಣಿಗೆ ದಪ್ಪವಾಯಿತು. ಹತ್ತಿಯ ನೂಲು ನಮ್ಮ ಮಳೆಗಾಲದ ತೇವದಲ್ಲಿ ಬೇಗ ಕೊಳೆಯುವುದರಿಂದ ಚೀಲಗಳಿಗೆ ಪಾಲಿಯೆಸ್ಟರ್ ನೂಲೇ ಮೇಲು.

ಹೊಲಿಗೆಯ ಅಳತೆಯನ್ನೂ ಬದಲಿಸಬೇಕು. ತೆಳು ಬಟ್ಟೆಗೆ ಅಂಗುಲಕ್ಕೆ 12 ಹೊಲಿಗೆ ಚೆಂದ. ಕ್ಯಾನ್ವಾಸಿಗೆ ಅಂಗುಲಕ್ಕೆ 6ರಿಂದ 8 ಇದ್ದರೆ ಸಾಕು. ಒತ್ತೊತ್ತಾಗಿ ಹೊಲಿದರೆ ಬಲವೆಂದು ಭಾವಿಸುವುದು ತಪ್ಪು. ಅದು ಬಟ್ಟೆಯಲ್ಲಿ ಅಂಚೆಚೀಟಿಯ ಅಂಚಿನಂತೆ ತೂತುಗಳ ಸಾಲನ್ನು ಮಾಡಿ, ಹರಿಯುವುದಕ್ಕೆ ತಾನೇ ದಾರಿ ತೋರಿಸುತ್ತದೆ.

ಪಾದದ ಕಂಬದ ತುದಿಯಲ್ಲಿರುವ ತಿರುಪನ್ನು ಎಷ್ಟೋ ಮನೆಗಳಲ್ಲಿ ಯಂತ್ರ ಬಂದ ದಿನದಿಂದ ಯಾರೂ ಮುಟ್ಟಿರುವುದಿಲ್ಲ. ಒತ್ತಡವನ್ನು ಹೆಚ್ಚು ಕಡಿಮೆ ಮಾಡತಕ್ಕದ್ದು ಅದೇ. ದಪ್ಪ ಬಟ್ಟೆಗೆ ಒತ್ತಡ ಹೆಚ್ಚಿರಬೇಕೆಂದು ಕೆಲವರೂ ಕಡಿಮೆಯಿರಬೇಕೆಂದು ಕೆಲವರೂ ವಾದಿಸುವುದುಂಟು. ಇಬ್ಬರ ಮಾತೂ ಅರ್ಧ ನಿಜ. ಕ್ಯಾನ್ವಾಸು, ಡ್ರಿಲ್ಲುಗಳಂತೆ ಗಟ್ಟಿಯಾಗಿರುವ ಬಟ್ಟೆ ಜಾರುತ್ತದೆ, ಅದಕ್ಕೆ ಒತ್ತಡ ತುಸು ಹೆಚ್ಚಿರಲಿ. ಹತ್ತಿ ತುಂಬಿದ ಹೊದಿಕೆಯಂತೆ ಮೆತ್ತಗೆ ಉಬ್ಬಿಕೊಂಡಿರುವುದಕ್ಕೆ ತಿರುಪನ್ನು ಸಡಿಲಿಸಬೇಕು. ಇಲ್ಲವಾದರೆ ಪಾದವು ಬಟ್ಟೆಯನ್ನು ನೇಗಿಲಿನಂತೆ ಮುಂದಕ್ಕೆ ದೂಡಿಕೊಂಡೇ ಹೋಗುತ್ತದೆ.

ಊರಿನ ಮಾತನ್ನು ಇಲ್ಲಿ ಒಂದಿಷ್ಟು ಹೇಳಿದರೆ ವಾಚಕರು ಮನ್ನಿಸಬೇಕು. ದಪ್ಪ ಬಟ್ಟೆ ನಮ್ಮ ಕಡೆಗೆ ಜೀನ್ಸಿನ ಸಂಗಡ ಬಂದುದಲ್ಲ. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ನೇಯಿಗೆಯ ಕಾರ್ಖಾನೆಯನ್ನು 1851ರಲ್ಲಿ ಹಾಲರ್ ಎಂಬ ನೇಯಿಗೆ ಬಲ್ಲ ಮಿಶನರಿಯ ಕೈಯಲ್ಲಿ ಆರಂಭಿಸಿದರು. ಖಾಕಿ ಬಣ್ಣವನ್ನು ಆತನೇ ಇಲ್ಲಿ ಕಂಡುಹಿಡಿದನೆಂದು ಊರಿನಲ್ಲಿ ಇಂದಿಗೂ ಹೇಳುತ್ತಾರೆ. ನಮ್ಮ ಜೆಪ್ಪಿನ ಹೆಸರು ಹಂಚಿನಿಂದ ಪ್ರಸಿದ್ಧವಾದುದು. 1860ರ ದಶಕದಲ್ಲಿ ನೇತ್ರಾವತಿಯ ದಂಡೆಯ ಜೇಡಿಯನ್ನು ನೆಚ್ಚಿ ಅದೇ ಮಿಶನ್ನಿನವರ ಹಂಚಿನ ಕಾರ್ಖಾನೆ ಇಲ್ಲಿ ಹುಟ್ಟಿತು. ಹಂಚಿಗೆ ಹೋದ ಹೆಸರು ಖಾಕಿಗೂ ಹೋಗಬೇಕಾಗಿತ್ತು ಎಂದು ನನಗೆ ಒಮ್ಮೊಮ್ಮೆ ತೋರುವುದುಂಟು. ನನ್ನ ತಾಯಿಯವರು ಅಣ್ಣಂದಿರ ಖಾಕಿ ಡ್ರಿಲ್ಲಿನ ಚಡ್ಡಿಗಳನ್ನು ಕೈಯಿಂದ ತಿರುಗಿಸುವ ಯಂತ್ರದಲ್ಲಿಯೇ ಹೊಲಿಯುತ್ತಿದ್ದರು. ದಪ್ಪ ಜೋಡಣೆ ಬಂದಾಗ ಅವರು ಚಕ್ರವನ್ನು ಒಂದೊಂದೇ ಸುತ್ತು ತಿರುಗಿಸುತ್ತಿದ್ದ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ. ತುಳಿಯುವ ಯಂತ್ರದಲ್ಲಿಯೂ ಹಾಗೆಯೇ, ದಿಬ್ಬದ ಮೇಲೆ ಕಾಲು ತೆಗೆದು, ಕೈಚಕ್ರದಿಂದ ಐದಾರು ಹೊಲಿಗೆ ಹಾಕಿದರೆ ಸೂಜಿಯ ಆಯುಸ್ಸು ಬೆಳೆಯುತ್ತದೆ. ಹಳೆಯ ಯಂತ್ರಕ್ಕೆ ಪುಟ್ಟ ಮೋಟಾರನ್ನು ಜೋಡಿಸಿದ ಮಾತ್ರಕ್ಕೆ ಈ ನಿಧಾನದ ಬಲ ಬರುವುದಿಲ್ಲ. ಮೋಟಾರು ಮೊದಲು ಮಿಸುಕುವುದಿಲ್ಲ, ಮಿಸುಕಿದರೆ ನಿಲ್ಲುವುದಿಲ್ಲ.

ಬೇರೆ ಪಾದಗಳನ್ನು ಕೊಳ್ಳಬೇಕೇ? ಪೇಟೆಯಲ್ಲಿಯೂ ದೂರವಾಣಿಯ ತೆರೆಯ ಮೇಲೆಯೂ 32 ಪಾದಗಳು, 42 ಪಾದಗಳು ಎಂದು ಪೆಟ್ಟಿಗೆ ಪೆಟ್ಟಿಗೆಯಾಗಿ ಮಾರುತ್ತಾರೆ. ಅದನ್ನು ತರಿಸಿಕೊಂಡ ಮನೆಗಳಲ್ಲಿ ಮೂರು ಪಾದಗಳು ಸವೆದು ಉಳಿದುವು ಮಿರಮಿರನೆ ಮಿಂಚುತ್ತಿರುವುದನ್ನು ನಾನು ಕಂಡಿದ್ದೇನೆ. ದಪ್ಪ ಬಟ್ಟೆಯ ಕೆಲಸದವರಿಗೆ ನಿಜವಾಗಿ ಬೇಕಾದುವು ಕೆಲವೇ.

ಅವುಗಳಲ್ಲಿ ಮುಖ್ಯವಾದುದು ವಾಕಿಂಗ್ ಫೂಟ್, ನಡೆಯುವ ಪಾದ. ಸಾಮಾನ್ಯ ಪಾದದಲ್ಲಿ ಕೆಳಗಿನ ಬಟ್ಟೆಯನ್ನು ಮಾತ್ರ ಹಲ್ಲುಗಳು ಸಾಗಿಸುತ್ತವೆ; ಮೇಲಿನ ಬಟ್ಟೆಯು ಪಾದದ ಉಜ್ಜಾಟದಿಂದ ಹಿಂದೆ ಬೀಳುತ್ತದೆ. ಒಂದೇ ಅಳತೆಗೆ ಕತ್ತರಿಸಿದ ಎರಡು ತುಂಡುಗಳು ಕೊನೆಯಲ್ಲಿ ಅರ್ಧ ಅಂಗುಲ ಹೆಚ್ಚುಕಡಿಮೆಯಾಗುವುದು ಇದರಿಂದ. ನಡೆಯುವ ಪಾದಕ್ಕೆ ತನ್ನದೇ ಆದ ಹಲ್ಲುಗಳಿವೆ. ಅದರ ಬದಿಯಲ್ಲಿ ಕವಲಿನಂತಹ ತೋಳೊಂದಿದ್ದು ಸೂಜಿಯನ್ನು ಬಿಗಿಯುವ ತಿರುಪಿನ ಮೇಲೆ ಕುಳಿತುಕೊಳ್ಳುತ್ತದೆ. ಸೂಜಿ ಮೇಲೆ ಕೆಳಗೆ ಹೋದಂತೆಲ್ಲ ಮೇಲಿನ ಹಲ್ಲುಗಳೂ ಕೆಳಗಿನವುಗಳ ಜತೆಗೆ ಹೆಜ್ಜೆಯಿಡುತ್ತವೆ. ಹೊದಿಕೆಗಳಿಗೆ, ಮೂರು ನಾಲ್ಕು ಪದರದ ಚೀಲಗಳಿಗೆ ಇದಕ್ಕೆ ಸಮನಾದುದು ಬೇರೊಂದಿಲ್ಲ. ಆದರೆ ವೇಗವಾಗಿ ಓಡಿಸಿದರೆ ಕಟಕಟನೆ ಬಡಿದುಕೊಂಡು ಬೇಗ ಹಾಳಾಗುತ್ತದೆ. ಆ ತೋಳನ್ನು ತಿರುಪಿನ ಮೇಲೆ ಕೂರಿಸಲು ಮರೆತರೆ ಅದು ಕಬ್ಬಿಣದ ಗಂಟಲ್ಲದೆ ಮತ್ತೇನೂ ಅಲ್ಲ.

ಇನ್ನೊಂದು, ಒಂದೇ ಬೆರಳಿನ ಪಾದ. ಜಿಪ್ಪಿಗೆಂದು ಮಾರುವುದು ಇದನ್ನೇ. ಚೀಲದ ಅಂಚಿಗೆ ದಪ್ಪ ಹುರಿ ಕೊಟ್ಟಿರುವಲ್ಲಿ ಎರಡು ಬೆರಳಿನ ಪಾದ ಹತ್ತಿರ ಹೋಗಲಾರದು, ಇದು ಹೋಗುತ್ತದೆ. ರೆಕ್ಸಿನ್, ಚರ್ಮ ಮೊದಲಾದ ಅಂಟಿಕೊಳ್ಳುವ ವಸ್ತುಗಳಿಗೆ ಟೆಫ್ಲಾನಿನ ಪಾದ ಒಳ್ಳೆಯದು. ಉರುಳೆಗಳಿರುವ ಪಾದವೂ ಸಿಗುತ್ತದೆ. ಎರಡೂ ಇಲ್ಲದವರು ರೆಕ್ಸಿನಿನ ಮೇಲೆ ತೆಳುವಾದ ಬೆಣ್ಣೆ ಕಾಗದವನ್ನಿಟ್ಟು ಹೊಲಿದು, ಆಮೇಲೆ ಕಾಗದವನ್ನು ಹರಿದು ತೆಗೆಯಬಹುದು. ರೆಕ್ಸಿನಿನಲ್ಲಿ ಒಮ್ಮೆ ಬಿದ್ದ ತೂತು ಮುಚ್ಚುವುದಿಲ್ಲವಾದ್ದರಿಂದ ಬಿಚ್ಚಿ ಹೊಲಿಯುವ ಆಸೆಯನ್ನು ಅಲ್ಲಿ ಬಿಡಬೇಕು. ಅಂಚನ್ನು ತಾನೇ ಸುರುಳಿ ಮಾಡುವ ಪಾದವನ್ನು ಮಾತ್ರ ದಪ್ಪ ಬಟ್ಟೆಗೆ ಹಾಕಲೇಬೇಡಿರಿ. ಅದರ ಸುರುಳಿಯ ಬಾಯಿ ಮಲ್ಲಿಗೂ ವಾಯಿಲಿಗೂ ಮಾಡಿದ್ದು.

ಕೊಳ್ಳುವ ಮೊದಲು ಪಾದದ ಕಂಬದ ಎತ್ತರವನ್ನು ನೋಡತಕ್ಕದ್ದು ಅವಶ್ಯ. ಪಾದವನ್ನು ಇಳಿಸಿ, ಯಂತ್ರದ ತಟ್ಟೆಯಿಂದ ಪಾದವನ್ನು ಬಿಗಿಯುವ ತಿರುಪಿನ ನಡುವಿನ ತನಕ ಅಳೆಯಿರಿ. ಸುಮಾರು ಮುಕ್ಕಾಲು ಅಂಗುಲವಿದ್ದರೆ ಅದು ತಗ್ಗು ಕಂಬದ ಯಂತ್ರ. ಮನೆಗಳಲ್ಲಿರುವ ಉಷಾ, ಮೆರಿಟ್, ರೀಟಾ ಮೊದಲಾದ ಕರಿಯ ಯಂತ್ರಗಳು ಸಾಮಾನ್ಯವಾಗಿ ಈ ಜಾತಿಯವು. ಒಂದು ಅಂಗುಲ ಮೀರಿದರೆ ಎತ್ತರದ ಕಂಬ; ಕಾರ್ಖಾನೆಯ ಯಂತ್ರಗಳು ಹಾಗಿರುತ್ತವೆ. ಒಂದರ ಪಾದ ಇನ್ನೊಂದಕ್ಕೆ ಕೂಡದು. ಅಳತೆಯ ತಲೆನೋವೇ ಬೇಡವೆನ್ನುವವರು ಹಳೆಯ ಪಾದವನ್ನು ಬಿಚ್ಚಿ ಸೆರಗಿನಲ್ಲಿ ಕಟ್ಟಿಕೊಂಡು ಅಂಗಡಿಗೆ ಹೋಗಲಿ. ಹೊಸ ಪಾದವನ್ನು ಹಾಕಿದೊಡನೆ ಕೈಚಕ್ರವನ್ನು ಒಂದು ಸುತ್ತು ತಿರುಗಿಸಿ, ಸೂಜಿ ಪಾದದ ರಂಧ್ರದ ನಡುವೆಯೇ ಇಳಿಯುವುದನ್ನು ಕಂಡ ಬಳಿಕವೇ ತುಳಿಯತಕ್ಕದ್ದು.

ಆಕೆಯ ಯಂತ್ರದ ಪಾದವನ್ನು ತಿರುಗಿಸಿ ನೋಡಿದಾಗ ಅಡಿಯಲ್ಲಿ ತುಕ್ಕಿನ ಕಲೆಗಳಿದ್ದುವು. ಆಷಾಢ ಶ್ರಾವಣಗಳಲ್ಲಿ ಗೋಡೆಗಳೇ ಬೆವರುವ ನಮ್ಮ ಊರಿನಲ್ಲಿ ಇದು ಆಶ್ಚರ್ಯವಲ್ಲ. ತುಕ್ಕು ಹಿಡಿದ ಅಡಿ ಬಟ್ಟೆಯನ್ನು ಹಿಡಿದು ನಿಲ್ಲಿಸುತ್ತದೆ. ಅತಿ ನುಣುಪಾದ ಮರಳು ಕಾಗದದಿಂದ ತಿಕ್ಕಿ, ಒಣ ಬಟ್ಟೆಯಿಂದ ಒರೆಸಿದೆವು. ಅದಕ್ಕಿಂತಲೂ ದೊಡ್ಡ ಕೇಡು ಒಳಗಿತ್ತು. ಚಕ್ರ ಬಿಗಿಯಾಗಿ ತಿರುಗುತ್ತಿದ್ದುದನ್ನು ಕಂಡು "ಎಣ್ಣೆ ಯಾವುದು ಬಿಡುತ್ತೀ?" ಎಂದು ಕೇಳಿದೆನು. "ಮನೆಯದೇ ಅಕ್ಕಾ, ತೆಂಗಿನೆಣ್ಣೆ" ಎಂದಳು. ನಮ್ಮ ಕರಾವಳಿಯವರಿಗೆ ತಲೆಗೂ ಬಾಣಲೆಗೂ ದೀಪಕ್ಕೂ ಅದೇ ಎಣ್ಣೆ. ಆದರೆ ಯಂತ್ರಕ್ಕೆ ಅದು ಸಲ್ಲದು. ದಿನ ಹೋದಂತೆ ಅದು ಅಂಟಾಗಿ, ಧೂಳನ್ನೂ ನೂಲಿನ ಎಳೆಗಳನ್ನೂ ಸೇರಿಸಿಕೊಂಡು ಮೇಣದಂತೆ ಗಟ್ಟಿಯಾಗುತ್ತದೆ. ಸೀಮೆಎಣ್ಣೆಯನ್ನು ಹನಿಹನಿಯಾಗಿ ಬಿಟ್ಟು, ಚಕ್ರವನ್ನು ತಿರುಗಿಸಿ ತಿರುಗಿಸಿ, ಹೊರಬಂದ ಕರಿಯ ಜಿಡ್ಡನ್ನು ಒರೆಸಿ, ಆಮೇಲೆ ಹೊಲಿಗೆ ಯಂತ್ರದ ತಿಳಿಯೆಣ್ಣೆಯನ್ನು ಬಿಡುವುದಕ್ಕೆ ನಮಗೆ ಒಂದು ಸಂಜೆ ಹಿಡಿಯಿತು. ಆಕೆಯ ದೊಡ್ಡ ಮಗಳು ದೂರ ನಿಂತು ಬೆಂಕಿಪೊಟ್ಟಣವನ್ನು ಬಚ್ಚಿಟ್ಟಳು. ಹುಡುಗಿಯ ಬುದ್ಧಿಗೆ ಮೆಚ್ಚಿದೆನು.

ಮಾರನೆಯ ದಿನ ಚೀಲದ ಪಟ್ಟಿಯನ್ನು ಜೋಡಿಸುವ ಸರದಿ. ಚೀಲ ಹರಿಯುವುದು ಅಲ್ಲಿಯೇ. ಶಾಲಾಚೀಲದ ಭಾರಕ್ಕೆ ಕರ್ನಾಟಕ ಸರಕಾರ 2019ರಲ್ಲಿ ಮಿತಿಯನ್ನು ಗೊತ್ತುಪಡಿಸಿ, ಒಂದು ಎರಡನೆಯ ತರಗತಿಗಳಿಗೆ 2 ಕಿಲೋ, ಒಂಬತ್ತು ಹತ್ತನೆಯ ತರಗತಿಗಳಿಗೆ 5 ಕಿಲೋ ಮೀರಬಾರದೆಂದಿತು. ಮಕ್ಕಳು ಮಿತಿಯನ್ನು ತೂಗಿ ನೋಡಿ ಹೊರುವವರಲ್ಲ. ಅದೇ ಚೀಲವನ್ನು ಬೀಸಿ ಎಸೆಯುವವರೂ ಅವರೇ. ಆದುದರಿಂದ ಪಟ್ಟಿಯ ಬುಡದಲ್ಲಿ ಒಂದು ಚೌಕವನ್ನು ಹೊಲಿದು, ಅದರೊಳಗೆ ಮೂಲೆಯಿಂದ ಮೂಲೆಗೆ ಗುಣಾಕಾರದ ಗುರುತಿನಂತೆ ಎರಡು ಗೆರೆಗಳನ್ನು ಎಳೆಯಬೇಕು. ಎಳೆತ ಒಂದೇ ಗೆರೆಯ ಮೇಲೆ ಬೀಳದೆ ಹಂಚಿಹೋಗುತ್ತದೆ. ಮೂಲೆಯಲ್ಲಿ ತಿರುಗಿಸುವಾಗ ಸೂಜಿ ಕೆಳಗೆ, ಪಾದ ಮೇಲೆ. ಈ ಕ್ರಮವನ್ನು ತಪ್ಪಿಸಿದರೆ ಮತ್ತೆ ಸೂಜಿಗೆ ಅಪಾಯ. ಹೊಲಿಯುವಾಗ ಕಣ್ಣಿಗೆ ಕನ್ನಡಕವಿರಲಿ ಎಂದು ಹೇಳಿದೆನು. ಆಕೆ ನಕ್ಕಳು. ಅತ್ತೆಯವರ ಹಳೆಯ ಕನ್ನಡಕದ ಗಾಜು ಕಣ್ಣಿಗೆ ಒಪ್ಪದು. ಕೊನೆಗೆ ಮಗನು ಆಟಕ್ಕೆ ತಂದಿದ್ದ ಬಣ್ಣವಿಲ್ಲದ ಪ್ಲಾಸ್ಟಿಕ್ ಕನ್ನಡಕವನ್ನೇ ಹಾಕಿಕೊಂಡಳು. ಸೂಜಿ ಮುರಿದಾಗ ತುಂಡುಗಳನ್ನೆಲ್ಲ ಹುಡುಕಿ ಜೋಡಿಸಿ, ಮೊನೆ ಸಿಕ್ಕಿತೆಂದು ಖಚಿತವಾದ ಮೇಲೆಯೇ ಮುಂದುವರಿಯಬೇಕೆಂಬುದನ್ನೂ ಹೇಳಿದೆನು. ಚೀಲದ ಮಡಿಕೆಯೊಳಗೆ ಉಳಿದ ಮೊನೆ ಯಾವ ಮಗುವಿನ ಬೆನ್ನಿಗೆ ಚುಚ್ಚುವುದೋ ಯಾರು ಬಲ್ಲರು?

ಅವಧಿಯೊಳಗೆ 40ರಲ್ಲಿ 33 ಚೀಲಗಳು ಮುಗಿದುವು. ಉಳಿದ 7ನ್ನು ಅಂಗಡಿಯವರು ಬೇರೆಯವರಿಂದ ಹೊಲಿಸಿಕೊಂಡರು. ಅಷ್ಟರ ಮಟ್ಟಿಗೆ ಆಕೆಗೆ ನಷ್ಟವೇ. ಮುರಿದ ಸೂಜಿಗಳು ಎರಡು. ಸಾಲದ ಮಾತು ಮತ್ತೆ ಬರಲಿಲ್ಲ. ಹುಬ್ಬಿನ ಮೇಲಿನ ಗಾಯ ಮಾಯ್ದಿದೆ, ಕಲೆ ಮಾತ್ರ ಉಳಿದಿದೆ. ಮೊನ್ನೆ ಆಕೆಯ ಮನೆಗೆ ಹೋದಾಗ ಯಂತ್ರದ ಖಾನೆಯಲ್ಲಿ, ಬಾಬಿನ್ನುಗಳ ನಡುವೆ, ನಾಲ್ಕು ಮಡಿಕೆಯ ರಟ್ಟಿನ ತುಂಡು ಕಂಡಿತು. ಅದರ ಒಂದು ಬದಿಯಲ್ಲಿ ಪೆನ್ಸಿಲಿನಿಂದ "ಹತ್ತುವಾಗ ಹಿಂದೆ, ಇಳಿಯುವಾಗ ಮುಂದೆ" ಎಂದು ಬರೆದಿತ್ತು. ಅಕ್ಷರ ದೊಡ್ಡ ಮಗಳದು. ರಜೆಯ ದಿನಗಳಲ್ಲಿ ಆಕೆಯೂ ಹೊಲಿಗೆಗೆ ಕುಳಿತುಕೊಳ್ಳುತ್ತಾಳಂತೆ.